ನಾನು ಆರಿಸಿಕೊಂಡ ದೂರ



ಈ ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಸಂಪಾದಕಿಯವರು ಅಪ್ಪಣೆಮಾಡಿದಾಗ, ಬರೆಯಲು ಯೋಗ್ಯವಾದ ವಿಷಯ ಯಾವುದೂ ನನಗೆ ತೋರಲಿಲ್ಲ. ನಾನು ವಿದ್ವಾಂಸಳಲ್ಲ, ಬರವಣಿಗೆಯ ಅಭ್ಯಾಸವೂ ನನಗಿಲ್ಲ. ವಿರಾಮ ದೊರೆತಾಗ ಛಾಯಾಚಿತ್ರಗಳನ್ನು ತೆಗೆಯುವುದೊಂದೇ ನನ್ನ ಹವ್ಯಾಸ. ಅದನ್ನು ಕುರಿತೇ ಬರೆಯಬೇಕೆಂದು ಅವರು ಒತ್ತಾಯಪಡಿಸಿದುದರಿಂದ, ದಿನನಿತ್ಯದ ಚಿತ್ರಗಳಿಗೆ ಎಂತಹ ಲೆನ್ಸನ್ನು ಇಟ್ಟುಕೊಳ್ಳಬೇಕೆಂಬ ಸಣ್ಣ ಪ್ರಶ್ನೆಯೊಂದನ್ನು ತೆಗೆದುಕೊಂಡು, ಅದರಿಂದ ನಾನು ಕಲಿತುದನ್ನು ತಮ್ಮಲ್ಲಿ ಅರಿಕೆಮಾಡಿಕೊಳ್ಳುತ್ತೇನೆ. ಪ್ರಶ್ನೆಯು ಸಣ್ಣದಾದರೂ ಅದಕ್ಕೆ ಉತ್ತರವನ್ನು ಪೂರ್ತಿಯಾಗಿ ತಿಳಿದುಕೊಳ್ಳಲು ನನಗೆ ಏಳು ವರ್ಷಗಳು ಹಿಡಿದವು.

ಮಸೂರವೆಂಬ ವಸ್ತುವನ್ನು ನಾನು ಮೊದಲು ಕೈಯಲ್ಲಿ ಹಿಡಿದುದು ನಮ್ಮ ಶಾಲೆಯಲ್ಲಿಯೇ. ಒಂದು ದಿನ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ತರಗತಿಯ ಕಿಟಕಿಗಳಲ್ಲಿ ಒಂದನ್ನು ಮಾತ್ರ ತೆರೆದಿಟ್ಟು, ಉಳಿದವನ್ನೆಲ್ಲ ಮುಚ್ಚಿಸಿದರು. ಆ ಕಿಟಕಿಗೆ ಇದಿರಾಗಿ ಬಿಳಿಯ ಕಾಗದವೊಂದನ್ನು ಹಿಡಿದುಕೊಳ್ಳುವಂತೆ ನನಗೆ ಹೇಳಿ, ತಾವು ಒಂದು ಪೀನ ಮಸೂರವನ್ನು ಕಾಗದದ ಮುಂದೆ ಹಿಂದಕ್ಕೂ ಮುಂದಕ್ಕೂ ಸರಿಸತೊಡಗಿದರು. ಮೊದಲು ಮಸುಕಾಗಿದ್ದ ಬೆಳಕು ಒಮ್ಮೆಲೇ ತಿಳಿಯಾಗಿ, ಅಂಗಳದ ಆಚೆಯ ಮರವು ತಲೆಕೆಳಗಾಗಿ, ಎಲೆಗಳು ಅಲುಗುತ್ತಿರುವಂತೆಯೇ, ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಮೂಡಿತು. ಉಪಾಧ್ಯಾಯಿನಿಯವರು ಮಸೂರಕ್ಕೂ ಕಾಗದಕ್ಕೂ ನಡುವಣ ಅಂತರವನ್ನು ಅಡಿಕೋಲಿನಿಂದ ಅಳೆದು, “ಇದೇ ಈ ಮಸೂರದ ಸಂಗಮದೂರ, ಬರೆದುಕೊಳ್ಳಿ” ಎಂದರು. ಪರೀಕ್ಷೆಗೆಂದು ಬರೆದುಕೊಂಡೆವು; ಪರೀಕ್ಷೆ ಮುಗಿದ ಮೇಲೆ ಮರೆತೆವು. ಕಾಗದದ ಮೇಲೆ ಅಲುಗಿದ ಆ ಎಲೆಗಳನ್ನು ಮಾತ್ರ ನಾನು ಮರೆಯಲಿಲ್ಲ.

ಕ್ಯಾಮೆರಾ ಲೆನ್ಸುಗಳ ಮೇಲೆ 28, 35, 50, 85 ಎಂದು ಕೆತ್ತಿರುವ ಅಂಕಿಗಳು ಈ ಸಂಗಮದೂರವನ್ನೇ ಮಿಲಿಮೀಟರುಗಳಲ್ಲಿ ಹೇಳುತ್ತವೆ. ಅಂಕಿಯು ಚಿಕ್ಕದಾದಷ್ಟೂ ಲೆನ್ಸಿನ ನೋಟವು ಅಗಲವಾಗುವುದು; ದೊಡ್ಡದಾದಷ್ಟೂ ನೋಟವು ಕಿರಿದಾಗಿ, ದೂರದ ವಸ್ತುವು ದೊಡ್ಡದಾಗಿ ಕಾಣುವುದು. ಹಿಂದಿನ ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಈಗಿನ ಕೆಲವು ಡಿಜಿಟಲ್ ಕ್ಯಾಮೆರಾಗಳ ಸಂವೇದಕವೂ ಅದೇ ಅಳತೆಯದು. ಈ ಚೌಕಟ್ಟಿನಲ್ಲಿ 28ರ ಲೆನ್ಸು ಅಡ್ಡಲಾಗಿ ಸುಮಾರು 65 ಡಿಗ್ರಿಗಳಷ್ಟನ್ನು ನೋಡುತ್ತದೆ, 35ರದು 54, 50ರದು 40, 85ರದು 24, 200ರದು ಕೇವಲ 10. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 43 ಮಿಲಿಮೀಟರ್ ಆಗುವುದರಿಂದ, ಅದಕ್ಕೆ ಸಮೀಪವಾದ ಸಂಗಮದೂರದ ಲೆನ್ಸನ್ನು ಸಾಮಾನ್ಯ ಲೆನ್ಸೆಂದು ಕರೆಯುವುದು ವಾಡಿಕೆ. 1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರಾಟಕ್ಕೆ ಬಂದಾಗ ಅದರಲ್ಲಿದ್ದುದು 50ರ ಲೆನ್ಸು. ಅಂದಿನಿಂದ 50 ಎಂಬುದು ಒಂದು ಸಂಪ್ರದಾಯವೇ ಆಗಿಹೋಗಿದೆ.

ನಾನಾದರೋ ಈ ಸಂಪ್ರದಾಯದಿಂದ ಆರಂಭಿಸಲಿಲ್ಲ. ನನ್ನ ತವರೂರು ಹಳೇಬೀಡಿನ ಮಗ್ಗುಲಲ್ಲಿರುವ ಹುಲಿಕೆರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಾನು ರಜೆ ಬಂದೊಡನೆ ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರುತ್ತಿದ್ದೆನು. ಸುತ್ತಲೂ ಹೊಯ್ಸಳರ ಶಿಲ್ಪವಿರುವಲ್ಲಿ ಕ್ಯಾಮೆರಾ ಹಿಡಿದವಳ ಮನಸ್ಸು ಮತ್ತೆಲ್ಲಿಗೆ ಹೋದೀತು? 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಸೂರಿನ ಕೆಳಗೆ ಎತ್ತರದಲ್ಲಿ ನಿಂತಿದ್ದಾರೆ. ಅವರ ಬೆರಳಿನ ಉಂಗುರವನ್ನೂ ಕೊರಳಿನ ಹಾರವನ್ನೂ ನೆಲದಿಂದ ಸ್ಪಷ್ಟವಾಗಿ ಹಿಡಿಯಬೇಕಾದರೆ ಉದ್ದದ ಲೆನ್ಸು ಬೇಕೇಬೇಕು. ಆದುದರಿಂದ 2016ರಲ್ಲಿ, ಕೂಡಿಟ್ಟ ಹಣವನ್ನೆಲ್ಲ ಸುರಿದು, 70ರಿಂದ 300ರವರೆಗೆ ಎಳೆಯಬಹುದಾದ ಜೂಮ್ ಲೆನ್ಸೊಂದನ್ನು ಕೊಂಡುಕೊಂಡೆನು. ಅದರಿಂದ ತೆಗೆದ ಶಿಲ್ಪಗಳ ಚಿತ್ರಗಳನ್ನು ನೋಡಿದವರು ಹೊಗಳಿದರು. ನನಗೂ ಹೆಮ್ಮೆಯಾಗದೆ ಇರಲಿಲ್ಲ.

ಅದೇ ಲೆನ್ಸಿನಿಂದ ನನ್ನ ತಾಯಿಯವರ ಚಿತ್ರಗಳನ್ನೂ ತೆಗೆಯುತ್ತಿದ್ದೆನು. ಅವರು ಹಿತ್ತಿಲಿನಲ್ಲಿ ಅವರೆಕಾಯಿ ಬಿಡಿಸುವಾಗ, ಊರಿನ ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕುಳಿತು ನೆರೆಯವರೊಡನೆ ಮಾತನಾಡುವಾಗ, ದೂರದಲ್ಲಿ ನಿಂತು ಚಿತ್ರ ತೆಗೆದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ತಿಳಿಯದಿರುವಾಗಲೇ ಮುಖಭಾವವು ಸಹಜವಾಗಿರುವುದೆಂದು ನಾನು ಎಲ್ಲಿಯೋ ಓದಿದ್ದೆನು. ಒಂದು ದಿನ ಅವರು ತಟ್ಟನೆ ತಲೆಯೆತ್ತಿ ನನ್ನನ್ನು ಕಂಡರು. “ಏನೇ, ಕದ್ದು ನೋಡೋರ ಹಾಗೆ ಅಷ್ಟು ದೂರ ನಿಂತಿದ್ದೀಯ? ನಾನೇನು ಗುಡಿ ಮೇಲಿನ ಬೊಂಬೆಯೇನೆ? ಹತ್ತಿರ ಬಂದು ಕೂತ್ಕೋಬಾರದಾ?” ಎಂದರು. ನಾನು ನಕ್ಕುಬಿಟ್ಟೆನು. ಆದರೆ ಆ ರಾತ್ರಿ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಆ ಮಾತಿನ ಮುಳ್ಳು ನಾಟಿತು. ಒಂದರಲ್ಲಿಯೂ ಅವರು ನನ್ನನ್ನು ನೋಡುತ್ತಿರಲಿಲ್ಲ. ಎಲ್ಲದರಲ್ಲಿಯೂ ಅವರ ಮುಖದ ಪಕ್ಕ ಮಾತ್ರವಿತ್ತು. ಅವರು ಎಲ್ಲಿ ಕುಳಿತಿದ್ದರು, ಅವರ ಕೈ ಏನು ಮಾಡುತ್ತಿತ್ತು ಎಂಬುದು ಯಾವುದರಲ್ಲಿಯೂ ಇರಲಿಲ್ಲ.

ತಾಯಿಯ ಮಾತನ್ನು ಶಿರಸಾವಹಿಸಿ ಹತ್ತಿರದ ಲೆನ್ಸೊಂದನ್ನು ಕೊಳ್ಳಲು ಹೊರಟಾಗ, ಎಲ್ಲರೂ 50 ಎಂದೇ ಹೇಳಿದರು. ಅದು ಹಗುರ, ಅಗ್ಗ. ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸ್ಸೋನರಂತಹ ದೊಡ್ಡ ಛಾಯಾಗ್ರಾಹಕರು ತಮ್ಮ ಜೀವಮಾನದ ಬಹುಪಾಲು ಕೆಲಸವನ್ನು ಅದರಿಂದಲೇ ಮಾಡಿದ್ದಾರೆ. ಕೊಂಡೆನು. ಅಂಗಳದಲ್ಲಿಯೂ ಹೊಲದ ಬದುವಿನಲ್ಲಿಯೂ ಅದು ಬಹಳ ಚೆನ್ನಾಗಿ ಕೆಲಸಮಾಡಿತು. ತೊಡಕು ಬಂದುದು ಅಡಿಗೆಮನೆಯಲ್ಲಿ. ನಮ್ಮದು ಹಳೆಯ ಹೆಂಚಿನ ಮನೆ. ಅಡಿಗೆಮನೆಯ ಗೋಡೆಗೆ ಬೆನ್ನು ತಾಗಿಸಿ ನಿಂತರೂ ಒಲೆಯ ಮುಂದೆ ಕುಳಿತ ತಾಯಿಯವರಿಗೂ ನನಗೂ ನಡುವೆ ಏಳು ಅಡಿಗಿಂತ ಹೆಚ್ಚು ಅಂತರವಿರುತ್ತಿರಲಿಲ್ಲ. ಅಷ್ಟು ದೂರದಿಂದ 50ರ ಲೆನ್ಸು ಅಡ್ಡಲಾಗಿ ಐದು ಅಡಿಗಳಷ್ಟನ್ನು ಮಾತ್ರ ಹಿಡಿಯುತ್ತದೆ. ತಾಯಿಯವರು ಬಂದರೆ ಒಲೆ ಹೊರಗುಳಿಯುವುದು. ಒಲೆ ಬಂದರೆ ಮುದ್ದೆ ತಿರುವುತ್ತಿರುವ ಅವರ ತೋಳು ತುಂಡಾಗುವುದು. ಹಿಂದೆ ಸರಿಯೋಣವೆಂದರೆ ಗೋಡೆ. ಗೋಡೆಯನ್ನು ಯಾವ ಛಾಯಾಗ್ರಾಹಕನೂ ಹಿಂದಕ್ಕೆ ತಳ್ಳಲಾರನಷ್ಟೆ.

ಆಗ ನಾನು ಕಾಗದ ಪೆನ್ಸಿಲುಗಳನ್ನು ಹಿಡಿದು, ಶಾಲೆಯಲ್ಲಿ ಕಲಿತ ಪ್ರಮಾಣದ ಲೆಕ್ಕವನ್ನೇ ಮಾಡಿದೆನು. ಚೌಕಟ್ಟಿನ ಅಗಲವಾದ 36ನ್ನು ಸಂಗಮದೂರದಿಂದ ಭಾಗಿಸಿ, ನಿಂತ ದೂರದಿಂದ ಗುಣಿಸಿದರೆ, ಚಿತ್ರದಲ್ಲಿ ಎಷ್ಟು ಅಗಲದ ನೋಟವು ಹಿಡಿಯುವುದೆಂಬುದು ದೊರೆಯುತ್ತದೆ. ಹೀಗೆ ಮಾಡುವಾಗ 35ರ ಒಂದು ಸೊಗಸು ನನ್ನ ಕಣ್ಣಿಗೆ ಬಿತ್ತು. 36ಕ್ಕೂ 35ಕ್ಕೂ ಹೆಚ್ಚು ವ್ಯತ್ಯಾಸವಿಲ್ಲವಾದುದರಿಂದ, ಆ ಲೆನ್ಸಿನಲ್ಲಿ ನಾವು ಎಷ್ಟು ದೂರ ನಿಲ್ಲುತ್ತೇವೆಯೋ ಹೆಚ್ಚುಕಡಿಮೆ ಅಷ್ಟೇ ಅಗಲದ ನೋಟವು ಚಿತ್ರದಲ್ಲಿ ಬರುತ್ತದೆ. ಏಳು ಅಡಿ ದೂರ ನಿಂತರೆ ಏಳು ಅಡಿ ಅಗಲ. ಹತ್ತು ಅಡಿ ನಿಂತರೆ ಹತ್ತು ಅಡಿ. ಕ್ಯಾಮೆರಾವನ್ನು ಕಣ್ಣಿಗೆ ಎತ್ತುವ ಮೊದಲೇ ಚಿತ್ರದ ಎಲ್ಲೆಯು ತಿಳಿಯುವುದು. ಇಷ್ಟು ಸರಳವಾದ ಲೆಕ್ಕವು ಬೇರೆ ಯಾವ ಲೆನ್ಸಿನಲ್ಲಿಯೂ ನನಗೆ ದೊರೆಯಲಿಲ್ಲ.

2019ರ ಬೇಸಗೆಯ ರಜೆಗೆ 35ರ ಲೆನ್ಸನ್ನು ತೆಗೆದುಕೊಂಡು ಊರಿಗೆ ಹೋದೆನು. ನಮ್ಮ ಅಡಿಗೆಮನೆಗೆ ಬೆಳಕು ಬರುವುದು ಮಾಡಿನಲ್ಲಿರುವ ಒಂದೇ ಒಂದು ಗಾಜಿನ ಹೆಂಚಿನಿಂದ. ಹೊಸ ಲೆನ್ಸಿನ ರಂಧ್ರವು ಎಫ್ 2ರಷ್ಟು ಅಗಲಕ್ಕೆ ತೆರೆಯುತ್ತಿದ್ದಿತು; ನನ್ನ ಜೂಮ್ ಲೆನ್ಸು ಪೂರ್ತಿ ಎಳೆದಾಗ 5.6ಕ್ಕೆ ನಿಂತುಬಿಡುತ್ತಿದ್ದಿತು. ಈ ಎರಡು ಅಂಕಿಗಳ ನಡುವೆ ಬೆಳಕಿನಲ್ಲಿ ಸುಮಾರು ಎಂಟುಪಟ್ಟು ವ್ಯತ್ಯಾಸವಿದೆ. ಆದುದರಿಂದ ಫ್ಲ್ಯಾಷ್ ಹಾಕಿ ತಾಯಿಯವರ ಕಣ್ಣು ಕೋರೈಸುವ ಅಗತ್ಯವೂ ತಪ್ಪಿತು. ನಾನು ಅವರಿಂದ ಐದು ಅಡಿಗಳಾಚೆ ಮಣೆಯ ಮೇಲೆ ಕುಳಿತೆನು. ಇಷ್ಟು ಹತ್ತಿರ ಕುಳಿತವಳು ಸುಮ್ಮನಿರಲಾಗುವುದೆ? ಅವರು ಊರಿನ ಸುದ್ದಿಯನ್ನು ಹೇಳಿದರು, ನಾನು ಬೆಂಗಳೂರಿನದನ್ನು ಹೇಳಿದೆನು. ಮಾತಿನ ನಡುವೆ ಅವರು ಸೌದೆಯನ್ನು ಒಳಕ್ಕೆ ನೂಕಿ, ಸೆರಗಿನಿಂದ ಹಣೆ ಒರಸಿಕೊಂಡು, “ಈಗ ಸರಿಯಾಗಿ ಕಾಣ್ತೀನೇನೆ?” ಎಂದು ಕೇಳುತ್ತ ನನ್ನ ಕಡೆಗೆ ತಿರುಗಿದರು. ಆಗ ಒತ್ತಿದ ಚಿತ್ರವೊಂದಿದೆ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಲೆನ್ಸು ಬದಲಾದರೆ ಹತ್ತಿರದ ಮತ್ತು ದೂರದ ವಸ್ತುಗಳ ಸಂಬಂಧವೇ ಬದಲಾಗುವುದೆಂದು ಅನೇಕರು ನಂಬಿದ್ದಾರೆ. ಅದನ್ನು ಬದಲಾಯಿಸುವುದು ಲೆನ್ಸಲ್ಲ, ನಾವು ನಿಂತ ಸ್ಥಳ. ನಮ್ಮೂರಿನ ಕಲ್ಯಾಣಿಯು ಹೊಯ್ಸಳರ ಕಾಲದ್ದು. ಮೆಟ್ಟಿಲುಗಳ ನಡುನಡುವೆ ಸುತ್ತಲೂ ಚಿಕ್ಕಚಿಕ್ಕ ಗುಡಿಗಳಿವೆ. ಮೇಲಿನ ಮೆಟ್ಟಿಲಿನ ಮೇಲೆ ತಾಯಿಯವರು ಕುಳಿತಿದ್ದಾಗ ಐದು ಅಡಿಗಳಿಂದ 35ರಲ್ಲಿ ತೆಗೆದರೆ, ಅವರು ದೊಡ್ಡವರಾಗಿಯೂ ಆಚೆಯ ದಡದ ಗುಡಿಯು ಅವರ ಹಿಂದೆ ಚಿಕ್ಕದಾಗಿಯೂ ಕಾಣುವುದು. ಬಹಳ ಹಿಂದಕ್ಕೆ ಹೋಗಿ, ಅವರು ಅಷ್ಟೇ ಗಾತ್ರಕ್ಕೆ ಬರುವಂತೆ ಉದ್ದದ ಲೆನ್ಸನ್ನು ಎಳೆದರೆ, ಅದೇ ಗುಡಿಯು ಬೆಳೆದು ಅವರ ಹೆಗಲಿಗೇ ತಾಗಿನಿಂತಂತೆ ತೋರುವುದು. ಲೆನ್ಸು ಮಾಡಿದುದಿಷ್ಟೇ: ಅಲ್ಲಿಗೆ ಹೋಗಿ ನಿಲ್ಲುವಂತೆ ನಮ್ಮನ್ನು ಪ್ರೇರಿಸಿತು. ಆದುದರಿಂದ ಲೆನ್ಸನ್ನು ಆರಿಸುವಾಗ, ನಾವು ಚಿತ್ರಿಸುವವರಿಂದ ಎಷ್ಟು ದೂರದಲ್ಲಿ ನಿಲ್ಲಬಯಸುತ್ತೇವೆ ಎಂಬುದನ್ನೇ ಆರಿಸುತ್ತೇವೆ. ನನಗೆ ಮಾತು ಕೇಳಿಸುವಷ್ಟು ಹತ್ತಿರ ಬೇಕಾಗಿತ್ತು. ಕೈಗೆ ಅಡ್ಡಬರುವಷ್ಟು ಹತ್ತಿರ ಬೇಡವಾಗಿತ್ತು. ಆ ದೂರಕ್ಕೆ ಹೊಂದಿದುದು 35.

ನಮ್ಮ ಸೀಮೆಗೆ ಛಾಯಾಗ್ರಹಣವು ಹೊಸದೇನೂ ಅಲ್ಲ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ಎಂಬವರು 1856ರಲ್ಲಿಯೇ ಹಳೇಬೀಡಿನ ದೇವಾಲಯದ ಚಿತ್ರಗಳನ್ನು ತೆಗೆದರು; 1859ರಲ್ಲಿ 56 ಛಾಯಾಚಿತ್ರಗಳುಳ್ಳ ಅವರ ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾಯಿತು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು ಹೊರಡಿಸಿದ ದೊಡ್ಡ ಗ್ರಂಥದಲ್ಲಿಯೂ ಛಾಯಾಚಿತ್ರಗಳಿವೆ. ಹೊಯ್ಸಳೇಶ್ವರನ ಗೋಡೆಯ ಆನೆ, ಸಿಂಹ, ಕುದುರೆ, ಹಂಸಗಳ ಸಾಲುಗಳನ್ನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಜನರು ಚಿತ್ರಿಸುತ್ತಲೇ ಬಂದಿದ್ದಾರೆ. ಅದು ಅವುಗಳ ಯೋಗ್ಯತೆಗೆ ಸಂದ ಗೌರವ. ಆದರೆ ಆ ದೇವಾಲಯಕ್ಕೆ ಇಷ್ಟು ಸಮೀಪದಲ್ಲಿಯೇ ಬಾಳಿ ತೀರಿಹೋದ ನನ್ನ ಅಜ್ಜಿಯ ಚಿತ್ರ ಒಂದಾದರೂ ನಮ್ಮ ಮನೆಯಲ್ಲಿಲ್ಲ. ಅವರ ಮುಖ ಹೇಗಿತ್ತೆಂದು ನನ್ನ ಮಗಳು ಕೇಳಿದರೆ ನಾನು ಮಾತಿನಲ್ಲಿ ಹೇಳಬಲ್ಲೆನಲ್ಲದೆ ತೋರಿಸಲಾರೆನು.

2023ರ ಮಳೆಗಾಲದಲ್ಲಿ ನನ್ನ ತಾಯಿಯವರು ತೀರಿಕೊಂಡರು. ಗೋಡೆಗೆ ಹಾಕಲು ಚಿತ್ರವೊಂದು ಬೇಕೆಂದಾಗ, ಅಣ್ಣನೂ ನಾನೂ ಕುಳಿತು ನಾನು ತೆಗೆದಿದ್ದ ನೂರಾರು ಚಿತ್ರಗಳನ್ನು ನೋಡಿದೆವು. ಉದ್ದದ ಲೆನ್ಸಿನ ಚಿತ್ರಗಳು ನುಣುಪಾಗಿದ್ದವು, ಹಿನ್ನೆಲೆಯೆಲ್ಲ ಬೆಣ್ಣೆಯಂತೆ ಕರಗಿತ್ತು. ಆದರೆ ಅವುಗಳಲ್ಲಿ ತಾಯಿಯವರು ಬೇರೆಯಾರನ್ನೋ ನೋಡುತ್ತಿದ್ದರು. ಕೊನೆಗೆ ಇಬ್ಬರ ಕೈಯೂ ನಿಂತುದು ಒಲೆಯ ಮುಂದಿನ ಆ ಒಂದು ಚಿತ್ರದ ಮೇಲೆ. ಅದರಲ್ಲಿ ಮಾತ್ರ ಅವರು ನಮ್ಮನ್ನು ನೋಡುತ್ತಿದ್ದರು. ಅಣ್ಣನು ಬಹಳ ಹೊತ್ತು ಸುಮ್ಮನಿದ್ದು, “ಇದೇ ಇರಲಿ. ಆದರೆ ಹಿಂದೆ ಮಸಿ ಹಿಡಿದ ಗೋಡೆ, ಬಕೇಟು ಎಲ್ಲ ಬಂದಿದೆಯಲ್ಲೆ? ನಾಲ್ಕು ಜನ ಬಂದಾಗ ಏನಂದಾರು? ಮುಖ ಮಾತ್ರ ಕತ್ತರಿಸಿ ಹಿಂದೆ ನೀಲಿ ಬಣ್ಣ ಹಾಕಿಸೋಣ” ಎಂದನು. ನನಗೆ ಸಿಟ್ಟು ಬಂತು. ಐವತ್ತು ವರ್ಷ ಆ ಮಸಿಯನ್ನು ಹಿಡಿಸಿದವರು ಯಾರು, ಆ ಗೋಡೆಯನ್ನು ಕತ್ತರಿಸಿದರೆ ಉಳಿಯುವುದೇನು ಎಂದು ಕೇಳಿಬಿಟ್ಟೆನು. ಇಬ್ಬರಿಗೂ ಎರಡು ದಿನ ಮಾತಿಲ್ಲ. ಕಡೆಗೆ ಅತ್ತಿಗೆಯವರು ನಡುವೆ ಬಂದು, ಅಣ್ಣನ ಇಚ್ಛೆಯಂತೆ ನೀಲಿ ಹಿನ್ನೆಲೆಯ ಚಿತ್ರವನ್ನು ಪಡಸಾಲೆಗೂ, ನನ್ನ ಇಚ್ಛೆಯಂತೆ ಇಡಿಯ ಚಿತ್ರವನ್ನು ಅಡಿಗೆಮನೆಗೂ ಹಾಕಿಸಿ ಜಗಳ ತೀರಿಸಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷವಾಯಿತು. ಆ ಸುದ್ದಿ ಬಂದ ಕೆಲವು ದಿನಗಳ ಮೇಲೆ ಅಣ್ಣನು ದೂರವಾಣಿಯಲ್ಲಿ ಅದೂ ಇದೂ ಮಾತನಾಡಿ, ಇಡುವ ಮೊದಲು, “ಅವ್ವನ ಆ ಒಲೆ ಮುಂದಿನ ಚಿತ್ರ ಇನ್ನೊಂದು ಪ್ರತಿ ತೆಗೆಸಿಕೊಡ್ತೀಯಾ? ಹಾಸನದ ಮನೆಗೆ ಬೇಕು. ಗೋಡೆ ಸಮೇತವಾಗಿ ಇರಲಿ” ಎಂದನು.

35ನ್ನು ಆರಿಸಿಕೊಂಡುದರಿಂದ ನನಗೆ ನಷ್ಟವಾಗಿಲ್ಲವೆಂದು ಹೇಳಿದರೆ ಸತ್ಯವಾಗದು. ದ್ವಾರಸಮುದ್ರದ ಕೆರೆಯಲ್ಲಿಳಿಯುವ ಹಕ್ಕಿಗಳು ಅದರಲ್ಲಿ ಚುಕ್ಕೆಗಳಾಗಿ ಬೀಳುತ್ತವೆ. ಮದನಿಕೆಯರ ಉಂಗುರವು ನನ್ನ ಕೈಗೆ ಮತ್ತೆ ಎಟುಕದಾಯಿತು. ಎರಡು ಮೂರು ಅಡಿಗಳಷ್ಟು ಸಮೀಪಕ್ಕೆ ಹೋಗಿ ಮುಖವನ್ನು ತೆಗೆದರೆ ಮೂಗು ದಪ್ಪನಾಗಿಯೂ ಕಿವಿಗಳು ಸಣ್ಣವಾಗಿಯೂ ಕಂಡು, ಚಿತ್ರದಲ್ಲಿರುವವರಿಗೆ ಬೇಸರವಾಗುವುದು. ಬರಿಯ ಮುಖಕ್ಕೆ 85ರ ಲೆನ್ಸೇ ಮೇಲು. ಆದರೂ ಒಂದೇ ಲೆನ್ಸಿನಲ್ಲಿ ನಿಲ್ಲುವುದರಿಂದ ಒಂದು ಲಾಭವುಂಟು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಪ್ರಸಿದ್ಧರಾದ ಹೋಮಾಯ್ ವ್ಯಾರಾವಾಲಾ (1913–2012) ಅವರು ಬಳಸಿದ ಕ್ಯಾಮೆರಾಗಳಲ್ಲಿ ರೋಲೀಫ್ಲೆಕ್ಸ್ ಒಂದು. ಅದರ ಲೆನ್ಸನ್ನು ಬಿಚ್ಚಿ ಬೇರೊಂದನ್ನು ಹಾಕಲು ಬರುವುದಿಲ್ಲ. ದೊಡ್ಡದಾಗಿ ಬೇಕಾದರೆ ಮುಂದೆ ನಡೆಯಬೇಕು. ಹೆಚ್ಚಾಗಿ ಬೇಕಾದರೆ ಹಿಂದೆ ಸರಿಯಬೇಕು. ಅಂತಹ ಕ್ಯಾಮೆರಾದಿಂದಲೂ ಆ ಮಹಿಳೆಯು ಒಂದು ಕಾಲದ ಇತಿಹಾಸವನ್ನು ನಮಗೆ ಉಳಿಸಿಕೊಟ್ಟಿದ್ದಾರೆ.

ತಮ್ಮಲ್ಲಿ ಯಾರಿಗಾದರೂ ತಮ್ಮ ಸಂಗಮದೂರವನ್ನು ತಿಳಿದುಕೊಳ್ಳುವ ಆಸೆಯಿದ್ದರೆ, ಹೊಸ ಲೆನ್ಸನ್ನು ಕೊಳ್ಳುವ ಮೊದಲು ಈ ಒಂದು ಪರೀಕ್ಷೆಯನ್ನು ಮಾಡಿನೋಡಬಹುದು. ಜೂಮ್ ಲೆನ್ಸಿದ್ದವರು ಅದನ್ನು ಒಂದು ವಾರ 35ರಲ್ಲಿ, ಇನ್ನೊಂದು ವಾರ 50ರಲ್ಲಿ ನಿಲ್ಲಿಸಿ, ಬೇರೆಡೆಗೆ ತಿರುಗಿಸದೆ ಮನೆಯವರ ಚಿತ್ರಗಳನ್ನು ತೆಗೆಯಲಿ. ಚಿಕ್ಕ ಸಂವೇದಕದ ಹಲವು ಕ್ಯಾಮೆರಾಗಳಲ್ಲಿ ಈ ಅಂಕಿಗಳು ಸುಮಾರು ಒಂದೂವರೆಪಟ್ಟು ಬೆಳೆದಂತೆ ವರ್ತಿಸುತ್ತವೆ. ಆದುದರಿಂದ ಅವುಗಳಲ್ಲಿ 35ನ್ನು ಹಾಕಿದರೆ 50ರ ನೋಟವೇ ದೊರೆಯುವುದು. 35ರ ನೋಟ ಬೇಕಾದವರು 23 ಅಥವಾ 24ರಲ್ಲಿ ನಿಲ್ಲಿಸಬೇಕು. ಕೈಯಲ್ಲಿರುವ ಮೊಬೈಲ್ ಫೋನಿನ ಮುಖ್ಯ ಕ್ಯಾಮೆರಾವು ಸಾಮಾನ್ಯವಾಗಿ 24ರಿಂದ 28ರಷ್ಟು ಅಗಲವಾಗಿ ನೋಡುತ್ತದೆ. ಅದರಿಂದ ತೆಗೆಯುವವರು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದರೆ ಸಾಕು. ಮಕ್ಕಳ ಚಿತ್ರ ತೆಗೆಯುವ ತಾಯಿತಂದೆಗಳು ನಾಲ್ಕೈದು ಅಡಿಗಳಲ್ಲಿ ನೆಲದ ಮೇಲೆ ಕುಳಿತು, ಮಗುವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾವನ್ನು ತರಲಿ. ಮಗುವಿನ ಜೊತೆಗೆ ಅದರ ಪುಸ್ತಕ, ಚೀಲ, ಕಿಟಕಿ, ಗೋಡೆಗಳೂ ಬರಲಿ. ಇಂದು ಕಸವಾಗಿ ಕಾಣುವ ಆ ವಸ್ತುಗಳನ್ನೇ ಇಪ್ಪತ್ತು ವರ್ಷಗಳ ಮೇಲೆ ಆ ಮಗು ಮೊದಲು ಹುಡುಕುವುದು.

ವಾರಗಳೆರಡು ಮುಗಿದ ಮೇಲೆ ಚಿತ್ರಗಳನ್ನು ಮುಂದಿಟ್ಟುಕೊಂಡು, ಯಾವುದು ಸ್ಪಷ್ಟವಾಗಿದೆ, ಯಾವುದು ಸುಂದರವಾಗಿದೆ ಎಂಬುದನ್ನು ಆಮೇಲೆ ನೋಡಿ. ಯಾವ ವಾರದ ಚಿತ್ರಗಳಲ್ಲಿ ಮನೆಯವರು ತಮ್ಮನ್ನು ನೋಡುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ. ತಮಗೆ 50 ಒಪ್ಪಬಹುದು, 28 ಒಪ್ಪಬಹುದು. ಅದು ತಮ್ಮ ಮನೆಯ ಗೋಡೆಗಳಿಗೂ ತಮ್ಮ ಸ್ವಭಾವಕ್ಕೂ ಸೇರಿದ ವಿಷಯ.

ಕಾಗದದ ಮೇಲೆ ತಲೆಕೆಳಗಾದ ಮರವನ್ನು ತೋರಿಸಿದ ಉಪಾಧ್ಯಾಯಿನಿಯವರು ಅಂದು ಅಡಿಕೋಲಿನಿಂದ ಅಳೆದು ಬರೆಸಿದ ಪಾಠವು ನನಗೆ ಅರ್ಥವಾದುದು ಇಷ್ಟು ತಡವಾಗಿ. ಅವರಿಗೆ ಈ ಮೂಲಕ ನನ್ನ ವಂದನೆಗಳು. ಈ ವರ್ಷ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸೇರುವ ದಿನ ನಾನು 35ರ ಲೆನ್ಸಿನೊಡನೆ ಬರುತ್ತೇನೆ. ದೂರದಲ್ಲಿ ನಿಂತು ಯಾರ ಚಿತ್ರವನ್ನೂ ತೆಗೆಯುವುದಿಲ್ಲ. ಹತ್ತಿರ ಬಂದಾಗ ದಯವಿಟ್ಟು ಸೆರಗು ಸರಿಪಡಿಸಿಕೊಳ್ಳಲು ಓಡಿಹೋಗದೆ, ಮಾತು ಮುಂದುವರಿಸಬೇಕೆಂದು ಸೋದರಿಯರಲ್ಲಿ ಬೇಡಿಕೊಳ್ಳುತ್ತೇನೆ.

— ಹಳೆಯ ವಿದ್ಯಾರ್ಥಿನಿ, ಹುಲಿಕೆರೆ